ಬೋರ್ಡಿನಿಂದ ಅಳಿಸಿದ ಸಾಲು

"ಟೀಚರ್, ನಂದ್ ಬತ್ತಿಲ್ಲೆ."

ಶನಿವಾರದ ಕೊನೆಯ ಅವಧಿ. ಮೂರನೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದ ಒಂಬತ್ತನೆಯ ತರಗತಿಯ ಹುಡುಗಿ ಪರದೆಯ ಮೇಲೆ ಬಂದಿದ್ದ ಕೆಂಪು ಅಕ್ಷರಗಳನ್ನು ಬೆರಳಿನಿಂದ ತೋರಿಸುತ್ತಿದ್ದಳು. ನಾನು ಇನ್ನೊಂದು ಕಂಪ್ಯೂಟರಿನ ಹತ್ತಿರ ಇದ್ದೆ. ಅಲ್ಲಿಂದಲೇ ಹೇಳಿದೆ: "ಬರೆಯುವಾಗ ಏನೋ ಬಿಟ್ಟಿದ್ದೀ. ಬೋರ್ಡ್ ನೋಡಿ ಇನ್ನೊಮ್ಮೆ ಸರಿಯಾಗಿ ಬರೆ."

ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನು ಆಡಿದ ಸಾವಿರಾರು ಮಾತುಗಳಲ್ಲಿ ಈಗಲೂ ಕಿವಿಯಲ್ಲಿ ಉಳಿದಿರುವುದು ಈ ಎರಡು ವಾಕ್ಯಗಳು. ಅವು ಏಕೆ ತಪ್ಪಾದವು, ಅದರಿಂದ ನಾನೇನು ಕಲಿತೆ ಎಂಬುದನ್ನು ಮುಂದಿನ ಸಾಲಿನ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಅಭ್ಯಾಸ ಬೋಧನೆಗೆ ಸಿಕ್ಕಿದ್ದು ಬೈಂದೂರು ತಾಲೂಕಿನ ಒಂದು ಪ್ರೌಢಶಾಲೆ. ದಿನಾ ಬೆಳಿಗ್ಗೆ ಕುಂದಾಪುರದಲ್ಲಿ ಬಸ್ಸು ಹತ್ತಿ, ತ್ರಾಸಿ ದಾಟಿ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ ಇರುವ ಮರವಂತೆಯ ರಸ್ತೆಯಲ್ಲಿ ಪಾಠ ಯೋಜನೆಯ ಪುಟಗಳನ್ನು ಮತ್ತೊಮ್ಮೆ ಓದಿಕೊಳ್ಳುತ್ತಾ ಹೋಗುತ್ತಿದ್ದೆ. ನಾನು ಪದವಿಯಲ್ಲಿ ಕಂಪ್ಯೂಟರ್ ವಿಜ್ಞಾನವನ್ನೂ ಓದಿದ್ದೇನೆಂದು ತಿಳಿದ ಮುಖ್ಯೋಪಾಧ್ಯಾಯರು ಶನಿವಾರದ ಒಂದು ಅವಧಿಯನ್ನು ಕೊಟ್ಟು, "ಮಕ್ಕಳಿಗೆ ಏನಾದರೂ ಪ್ರೋಗ್ರಾಮಿಂಗ್ ತೋರಿಸಿ" ಎಂದರು. ಕೋಣೆಯಲ್ಲಿ ಕೆಲಸ ಮಾಡುವ ಕಂಪ್ಯೂಟರುಗಳು ಐದು. ಒಂದು ಸಲಕ್ಕೆ ಹತ್ತೋ ಹನ್ನೆರಡೋ ಮಕ್ಕಳು ಬರುವಂತೆ ತಂಡ ಮಾಡಿಕೊಂಡೆ.

ಪೈಥಾನ್ ಭಾಷೆಯನ್ನು ಆರಿಸಿಕೊಂಡೆ. ಗಿಡೋ ವಾನ್ ರೋಸಮ್ ಎಂಬ ಡಚ್ ಪ್ರೋಗ್ರಾಮರ್ 1991ರಲ್ಲಿ ಮೊದಲು ಹೊರತಂದ ಈ ಭಾಷೆಯ ಜೊತೆಗೇ ಒಂದು ಶೆಲ್ ಬರುತ್ತದೆ. ತೆರೆದ ಕೂಡಲೇ >>> ಎಂಬ ಮೂರು ಬಾಣದ ಗುರುತು ಕಾಣುತ್ತದೆ. ಅದರ ಮುಂದೆ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಶೆಲ್ ಅದನ್ನು ಓದುತ್ತದೆ, ಲೆಕ್ಕ ಮಾಡುತ್ತದೆ, ಉತ್ತರ ಮುದ್ರಿಸುತ್ತದೆ, ಮತ್ತೆ ಮೂರು ಬಾಣ ತೋರಿಸಿ ಮುಂದಿನ ಸಾಲಿಗೆ ಕಾಯುತ್ತದೆ. ಈ ಪದ್ಧತಿ ಪೈಥಾನಿಗಿಂತ ಹಳೆಯದು. 1960ರ ದಶಕದ ಲಿಸ್ಪ್ ಭಾಷೆಯಿಂದ ಬಂದದ್ದು. ಇಡೀ ಪ್ರೋಗ್ರಾಮು ಬರೆದು ಮುಗಿಸುವವರೆಗೆ ಕಾಯದೆ ಒಂದೊಂದೇ ಸಾಲನ್ನು ಪರೀಕ್ಷಿಸಬಹುದು ಎಂಬುದು ಇದರ ಅನುಕೂಲ. ಪಾಟಿಯ ಮೇಲೆ ಬರೆದು ಒರೆಸಿದಂತೆ. ತಪ್ಪಾದರೆ ಯಾವ ನಷ್ಟವೂ ಇಲ್ಲ, ಇನ್ನೊಮ್ಮೆ ಬರೆದರಾಯಿತು.

ಮೊದಲ ಶನಿವಾರ ಮಕ್ಕಳು ಸುಮ್ಮನೆ ಕೀಲಿ ಒತ್ತಿ ಉತ್ತರ ನೋಡಿ ಖುಷಿಪಟ್ಟರು. 25ನ್ನು 37ರಿಂದ ಗುಣಿಸಿದರು, ಹತ್ತು ಅಂಕಿಗಳ ಸಂಖ್ಯೆಗಳನ್ನು ಕೂಡಿಸಿದರು. ಅವಧಿ ಮುಗಿದಾಗ ಅವರು ಕಲಿತದ್ದೇನು ಎಂದು ಕೇಳಿಕೊಂಡರೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಕ್ಯಾಲ್ಕುಲೇಟರ್ ಕೊಟ್ಟಿದ್ದರೂ ಅಷ್ಟೇ ಆಗುತ್ತಿತ್ತು.

ಎರಡನೆಯ ಶನಿವಾರ ಒಂದು ನಿಯಮ ಮಾಡಿದೆ. ಎಂಟರ್ ಒತ್ತುವ ಮೊದಲು ಉತ್ತರ ಏನು ಬರುತ್ತದೆಂದು ಪುಸ್ತಕದಲ್ಲಿ ಬರೆಯಬೇಕು. ಊಹೆ ಬರೆಯದೆ ಎಂಟರ್ ಇಲ್ಲ. ಊಹೆ ತಪ್ಪಾದರೆ ಅದನ್ನು ಅಳಿಸುವ ಹಾಗಿಲ್ಲ, ಪಕ್ಕದಲ್ಲಿ ಬಂದ ಉತ್ತರ ಬರೆದು ಸುತ್ತು ಹಾಕಬೇಕು.

ಬೋರ್ಡಿನಲ್ಲಿ 0.1 + 0.2 ಎಂದು ಬರೆದೆ. ಎಲ್ಲರೂ 0.3 ಎಂದು ಬರೆದುಕೊಂಡರು. ಶೆಲ್ ಕೊಟ್ಟ ಉತ್ತರ 0.30000000000000004. ಕೋಣೆಯಲ್ಲಿ ಗದ್ದಲವೋ ಗದ್ದಲ. ಕಂಪ್ಯೂಟರ್ ಹಾಳಾಗಿದೆ ಎಂದರು ಕೆಲವರು. ಐದೂ ಕಂಪ್ಯೂಟರುಗಳಲ್ಲಿ ಅದೇ ಉತ್ತರ ಬಂದ ಮೇಲೆ ಸುಮ್ಮನಾದರು. 1ನ್ನು 3ರಿಂದ ಭಾಗಿಸಿದರೆ ದಶಮಾಂಶದಲ್ಲಿ 0.333 ಎಂದು ಮುಗಿಯದೇ ಹೋಗುತ್ತದೆ ಎಂಬುದನ್ನು ಅವರು ಸಂಖ್ಯಾ ಪದ್ಧತಿಯ ಪಾಠದಲ್ಲಿ ಓದಿದ್ದರು. ಕಂಪ್ಯೂಟರ್ ಲೆಕ್ಕ ಮಾಡುವುದು ಎರಡೇ ಅಂಕಿಗಳ ಪದ್ಧತಿಯಲ್ಲಿ, ಆ ಪದ್ಧತಿಯಲ್ಲಿ ಹತ್ತನೇ ಒಂದು ಕೂಡ ಹೀಗೆಯೇ ಮುಗಿಯದ ಸಂಖ್ಯೆ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು ಎಂದೆ. ಗಣಿತದ ಅವಧಿಯಲ್ಲಿ ಇದೇ ಪಾಠಕ್ಕೆ ಅಷ್ಟು ಕಿವಿಗಳು ನನಗೆ ಸಿಕ್ಕಿರಲಿಲ್ಲ. ಮೊದಲೇ ಬರೆದಿಟ್ಟ 0.3 ಎಂಬ ಊಹೆ ಇದ್ದುದರಿಂದಲೇ ಅವರಿಗೆ ಕಾರಣ ಬೇಕಾಯಿತು.

ಮೂರನೆಯ ಶನಿವಾರಕ್ಕೆ ಅಕ್ಕಿಮುಡಿಯ ಲೆಕ್ಕ ಇಟ್ಟುಕೊಂಡೆ. ಬೈಹುಲ್ಲಿನ ಹಗ್ಗ ಬಿಗಿದು ಕಟ್ಟಿದ ಮುಡಿಯನ್ನು ಈ ಮಕ್ಕಳಲ್ಲಿ ಹಲವರು ಅಜ್ಜನ ಮನೆಯಲ್ಲಿ, ದೈವಸ್ಥಾನದಲ್ಲಿ ಕಂಡಿದ್ದಾರೆ. 14 ಸೇರಿಗೆ ಒಂದು ಕಳಸಿಗೆ, 3 ಕಳಸಿಗೆಗೆ ಒಂದು ಮುಡಿ, ಅಂದರೆ ಮುಡಿಗೆ 42 ಸೇರು ಎಂಬ ಲೆಕ್ಕವನ್ನು ತೆಗೆದುಕೊಂಡೆವು. ನೂರು ಸೇರು ಅಕ್ಕಿಗೆ ಎಷ್ಟು ಮುಡಿ, ಉಳಿಯುವುದು ಎಷ್ಟು ಸೇರು? ಪೈಥಾನಿನಲ್ಲಿ // ಎಂದರೆ ಭಾಗಲಬ್ಧ, % ಎಂದರೆ ಶೇಷ. ನಾಲ್ಕನೆಯ ತರಗತಿಯ ಭಾಗಾಕಾರವೇ.

ಮಕ್ಕಳು ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಇಲ್ಲಿ ಓದಲು ಸುಲಭವಾಗಲೆಂದು ಹೆಸರುಗಳನ್ನು ಕನ್ನಡದಲ್ಲಿ ಕೊಡುತ್ತೇನೆ. ಮೊದಲು ಎಲ್ಲರೂ ಶೆಲ್‌ನಲ್ಲಿ ಹೀಗೆ ಬರೆದರು:

>>> ಮುಡಿ = 42
>>> 100 // ಮುಡಿ
2
>>> 100 % ಮುಡಿ
16

ಎಲ್ಲರ ಊಹೆಯೂ ಸರಿಯಾಗಿತ್ತು. ಇದನ್ನೇ ಒಂದು ಫಂಕ್ಷನ್ ಆಗಿ ಬರೆಯುವುದು ಮುಂದಿನ ಹಂತ. ನಮ್ಮ ಬೋರ್ಡ್ ಚಿಕ್ಕದು. ಬರೆದದ್ದನ್ನು ಡಸ್ಟರಿನಿಂದ ಒರೆಸಿ, ಆ ಜಾಗದಲ್ಲಿ ಫಂಕ್ಷನ್ ಬರೆದೆ. ಅದರ ಹೆಸರು 'ಭಾಗಿಸು'. ಸೇರಿನ ಸಂಖ್ಯೆ ಕೊಟ್ಟರೆ ಅದನ್ನು ಮುಡಿಯಿಂದ ಭಾಗಿಸಿ ಭಾಗಲಬ್ಧ, ಶೇಷ ಎರಡನ್ನೂ ಹಿಂದಿರುಗಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಭಾಗಿಸು(100) ಎಂದು ಬರೆದೆ, (2, 16) ಎಂದು ಬಂತು. ಮಕ್ಕಳಿಗೂ ಬಂತು.

ಯಾವ ಯಾವ ಸಂಖ್ಯೆ ಕೊಟ್ಟು ಪರೀಕ್ಷಿಸಬೇಕು ಎಂದು ಕೇಳಿದೆ. 84, 420 ಎಂದರು. ಸುಲಭದ ಸಂಖ್ಯೆಗಳು. 41, 42, 43 ಮತ್ತು 0 ಕೊಟ್ಟು ನೋಡಿ ಎಂದೆ. ತಪ್ಪು ಅಡಗುವುದು ಸಾಮಾನ್ಯವಾಗಿ ಗಡಿಯಲ್ಲಿ. "ಮುಡಿ ತುಂಬಿತೇ?" ಎಂದು ನೋಡುವ ಒಂದು ಸಾಲನ್ನು ಸ್ವಂತವಾಗಿ ಬರೆದಿದ್ದ ಹುಡುಗನೊಬ್ಬ 'ಸೇರು 42ಕ್ಕಿಂತ ಹೆಚ್ಚಿದ್ದರೆ' ಎಂದು ಬರೆದಿದ್ದ. 41ಕ್ಕೂ 43ಕ್ಕೂ ಸರಿಯಾದ ಉತ್ತರ ಬಂತು. ಸರಿಯಾಗಿ 42 ಕೊಟ್ಟಾಗ ಮುಡಿ ತುಂಬಿಲ್ಲ ಎಂದು ಬಂತು. ಅವನೇ ನಕ್ಕು '42 ಅಥವಾ ಹೆಚ್ಚು' ಎಂದು ತಿದ್ದಿದ. ಪಾಠ ಯೋಜನೆಯಲ್ಲಿ ಬರೆದದ್ದಕ್ಕಿಂತ ಚೆನ್ನಾಗಿ ತರಗತಿ ಸಾಗುತ್ತಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಇದರ ನಡುವೆ ಒಮ್ಮೆ ಕರೆಂಟು ಹೋಗಿ ಬಂದಿತ್ತು. ನಾಲ್ಕು ಕಂಪ್ಯೂಟರುಗಳನ್ನು ಯುಪಿಎಸ್ ಹಿಡಿದುಕೊಂಡಿತು. ಮೂರನೆಯದರ ಬ್ಯಾಟರಿ ಸತ್ತಿದ್ದರಿಂದ ಅದೊಂದು ಆಫ್ ಆಗಿ ಮತ್ತೆ ಶುರುವಾಯಿತು. ಅಲ್ಲಿ ಕುಳಿತಿದ್ದವಳು ಒಬ್ಬಳೇ, ಅವಳ ಜೊತೆಯವಳು ಆ ದಿನ ಶಾಲೆಗೆ ಬಂದಿರಲಿಲ್ಲ. ಅವಳು ತಾನಾಗಿಯೇ ಶೆಲ್ ತೆರೆದು, ಬೋರ್ಡಿನಲ್ಲಿದ್ದ ಫಂಕ್ಷನ್ ಬರೆದು, ಭಾಗಿಸು(100) ಎಂದು ಎಂಟರ್ ಒತ್ತಿದಾಗ ಬಂದದ್ದು ಆ ಕೆಂಪು ಅಕ್ಷರಗಳು. ಆಗ ನಾನು ಆಡಿದ ಮಾತನ್ನು ಮೊದಲೇ ಬರೆದಿದ್ದೇನೆ.

ಅವಳು ಇನ್ನೊಮ್ಮೆ ಬರೆದಳು. ಮತ್ತೂ ಕೆಂಪು. ನಾನು ಹತ್ತಿರ ಹೋದಾಗ, "ನಾ ಬೋರ್ಡ್ ಕಂಡೇ ಬರ್ದದ್ದ್" ಎಂದಳು, ಬಹಳ ಸಣ್ಣ ದನಿಯಲ್ಲಿ. ಅಷ್ಟರಲ್ಲಿ ಗಂಟೆ ಹೊಡೆಯಿತು. "ಮುಂದಿನ ವಾರ ನೋಡುವ, ಅವಸರದಲ್ಲಿ ಏನೋ ತಪ್ಪಿದ್ದೀ" ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿದೆ. ಅವಳು ಪುಸ್ತಕದಲ್ಲಿ ತನ್ನ (2, 16) ಎಂಬ ಊಹೆಗೆ ಸುತ್ತು ಹಾಕಿದ್ದನ್ನು ಕಂಡೆ. ತಪ್ಪಾದ ಊಹೆಗೆ ಹಾಕಬೇಕಾದ ಸುತ್ತು ಅದು. ಅವಳ ಊಹೆ ಸರಿಯಾಗಿಯೇ ಇತ್ತು.

ಆ ರಾತ್ರಿ ಪಾಠದ ದಾಖಲೆ ಬರೆಯಲು ಕುಳಿತು, ಫಂಕ್ಷನ್ನನ್ನು ಪುಸ್ತಕದಿಂದ ನೋಡಿ ಹೊಸದಾಗಿ ತೆರೆದ ಶೆಲ್‌ನಲ್ಲಿ ಬರೆದೆ. ಭಾಗಿಸು(100). ಕೆಂಪು ಅಕ್ಷರ. ಕೊನೆಯ ಸಾಲಿನಲ್ಲಿ 'ನೇಮ್ ಎರರ್', ಮುಡಿ ಎಂಬ ಹೆಸರು ಗೊತ್ತುಪಡಿಸಿಲ್ಲ ಎಂದಿತ್ತು.

ಮುಡಿ = 42 ಎಂಬ ಸಾಲನ್ನು ನಾನೇ ಬೋರ್ಡಿನಿಂದ ಒರೆಸಿದ್ದೆ. ಆದರೆ ಶೆಲ್ ಅದನ್ನು ಒರೆಸಿರಲಿಲ್ಲ. ತೆರೆದಾಗಿನಿಂದ ಮುಚ್ಚುವವರೆಗೆ ಕೊಟ್ಟ ಪ್ರತಿಯೊಂದು ಹೆಸರನ್ನೂ ಅದು ನೆನಪಿನಲ್ಲಿಟ್ಟುಕೊಳ್ಳುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲೂ ಉಳಿದ ನಾಲ್ಕು ಕಂಪ್ಯೂಟರುಗಳಲ್ಲೂ ಆ 42 ಉಳಿದುಕೊಂಡಿತ್ತು, ಆದ್ದರಿಂದ ಅರೆಬರೆ ಫಂಕ್ಷನ್ ಪೂರ್ತಿಯಾದಂತೆ ನಡೆಯಿತು. ಕರೆಂಟು ಹೋದದ್ದರಿಂದ ಮೂರನೆಯ ಕಂಪ್ಯೂಟರಿನ ಶೆಲ್ ಮಾತ್ರ ಖಾಲಿಯಾಗಿತ್ತು. ಇನ್ನೂ ಒಂದು ವಿಷಯ ನನ್ನನ್ನು ದಾರಿ ತಪ್ಪಿಸಿತ್ತು. ಫಂಕ್ಷನ್ ಬರೆಯುವಾಗ ಪೈಥಾನ್ ಅದರೊಳಗಿನ ಹೆಸರುಗಳು ಇವೆಯೋ ಇಲ್ಲವೋ ಎಂದು ನೋಡುವುದಿಲ್ಲ. ಫಂಕ್ಷನ್ನನ್ನು ಕರೆದಾಗ ಮಾತ್ರ ಹುಡುಕುತ್ತದೆ. ಹಾಗಾಗಿ ಅವಳು ಬರೆಯುವಾಗ ಯಾವ ದೋಷವೂ ಕಾಣಲಿಲ್ಲ, ಕರೆದಾಗ ಕಂಡಿತು. ಅಂದರೆ ಆ ದಿನ ಕೋಣೆಯಲ್ಲಿ ನನ್ನ ಫಂಕ್ಷನ್ ನಿಜವಾಗಿ ಪರೀಕ್ಷೆಯಾದದ್ದು ಒಂದೇ ಕಂಪ್ಯೂಟರಿನಲ್ಲಿ. ಅಲ್ಲಿ ಅದು ಸೋತಿತ್ತು. ನಾನು ಆ ಸೋಲನ್ನು ಮಗುವಿನ ತಲೆಗೆ ಕಟ್ಟಿದ್ದೆ.

ಸೋಮವಾರ ಸಹಪಾಠಿಯ ವೀಕ್ಷಣಾ ಹಾಳೆ ಕೈಗೆ ಬಂತು. ಬ್ರಹ್ಮಾವರದಿಂದ ಬಂದು ಹೋಗುತ್ತಿದ್ದ ಅವಳು ಆ ಅವಧಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ ಎಲ್ಲಕ್ಕೂ ಒಳ್ಳೆಯ ಅಭಿಪ್ರಾಯ ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದಳು: "ವಿದ್ಯಾರ್ಥಿನಿ ದೋಷದ ಸಂದೇಶ ತೋರಿಸಿದಳು, ಶಿಕ್ಷಕಿ ಅದನ್ನು ಓದಲಿಲ್ಲ." ಕೆಂಪು ಅಕ್ಷರ ಬಂದರೆ ಹೆದರಬೇಡಿ, ಕೊನೆಯ ಸಾಲನ್ನು ಮೊದಲು ಓದಿ ಎಂದು ಎರಡು ವಾರಗಳಿಂದ ಮಕ್ಕಳಿಗೆ ಹೇಳುತ್ತಾ ಬಂದವಳು ನಾನೇ. ಓದಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು.

ಏಕೆ ಓದಲಿಲ್ಲ ಎಂದು ಯೋಚಿಸಿದೆ. ಆ ಹುಡುಗಿ ಗಣಿತದ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದವಳು, ಆಗಾಗ ಗೈರುಹಾಜರಾಗುವವಳು. ಅವಳು ಕೈ ಎತ್ತುವ ಮೊದಲೇ ನನ್ನ ತಲೆಯಲ್ಲಿ ಒಂದು ಉತ್ತರ ಸಿದ್ಧವಿತ್ತು. ಹುಡುಗರ ಸಾಲಿನ ಚುರುಕಿನವನೊಬ್ಬ ಅದೇ ಕೆಂಪು ಅಕ್ಷರ ತೋರಿಸಿದ್ದರೆ ನಾನು ಹೋಗಿ ನೋಡುತ್ತಿದ್ದೆ. ಹಳೆಯ 42 ಇದ್ದದ್ದು ನನ್ನ ಶೆಲ್‌ನಲ್ಲಿ ಮಾತ್ರವಲ್ಲ.

ಮುಂದಿನ ಶನಿವಾರಕ್ಕೆ ಯೋಜಿಸಿದ್ದ ಪಾಠವನ್ನು ಬಿಟ್ಟೆ. ತರಗತಿಯ ಎದುರು ನಿಂತು, ಕಳೆದ ವಾರ ಮೂರನೆಯ ಕಂಪ್ಯೂಟರಿನಲ್ಲಿ ಬಂದ ತಪ್ಪು ನನ್ನದು, ನಾನು ಬೋರ್ಡಿನಲ್ಲಿ ಬರೆದದ್ದೇ ಅಪೂರ್ಣ, ಅವಳು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂದೆ. ಹೇಳುವ ಮೊದಲು ನನಗೆ ಅಳುಕಿತ್ತು. ಅಭ್ಯಾಸ ಬೋಧನೆಗೆ ಬಂದವರ ಮಾತನ್ನು ಮಕ್ಕಳು ಮೊದಲೇ ಅರ್ಧ ಕೇಳುತ್ತಾರೆ, ಇನ್ನು ಇದನ್ನೂ ಹೇಳಿದರೆ ಹೇಗೆ ಎಂದು. ಮಕ್ಕಳು ನಗಲಿಲ್ಲ. "ಹಾಂಗಾರೆ ನಮ್ದ್ ಎಂತಕ್ಕೆ ಬಂತ್?" ಎಂದು ಒಬ್ಬ ಕೇಳಿದ. ಆ ದಿನದ ಪಾಠ ಅಲ್ಲಿಂದ ಶುರುವಾಯಿತು.

ಎಲ್ಲರೂ ಶೆಲ್‌ನಲ್ಲಿ ಕಳೆದ ವಾರದ್ದನ್ನೆಲ್ಲ ಇನ್ನೊಮ್ಮೆ ಬರೆದರು. ಫಂಕ್ಷನ್ ನಡೆಯಿತು. ಆಮೇಲೆ ಐಡಲ್‌ನ ಮೆನುವಿನಲ್ಲಿರುವ 'ರೀಸ್ಟಾರ್ಟ್ ಶೆಲ್' ಒತ್ತಿಸಿದೆ. ಏನಾಗುತ್ತದೆಂದು ಮೊದಲು ಊಹೆ ಬರೆಸಿದೆ. ಫಂಕ್ಷನ್ ಮಾತ್ರ ಬರೆದು ಕರೆದಾಗ ಐದೂ ಪರದೆಗಳಲ್ಲಿ ಕೆಂಪು. ಈಗ ಸರಿಪಡಿಸುವುದು ಹೇಗೆ ಎಂದು ಕೇಳಿದೆ. ಮುಡಿಯ ಅಳತೆಯನ್ನು ಫಂಕ್ಷನ್ನಿನ ಒಳಗೇ ಬರೆಯಬಹುದು ಎಂದರು ಕೆಲವರು. ಅದೂ ಸರಿ. ಮೂರನೆಯ ಕಂಪ್ಯೂಟರಿನ ಹುಡುಗಿ ಏನೂ ಹೇಳಲಿಲ್ಲ. ಪುಸ್ತಕದಲ್ಲಿ ಏನೋ ಬರೆದಿಟ್ಟಿದ್ದಳು. ಇಣುಕಿ ನೋಡಿದೆ. ಭಾಗಿಸು(100, 42) ಎಂದಿತ್ತು. ಸೇರಿನ ಜೊತೆ ಅಳತೆಯನ್ನೂ ಹೊರಗಿನಿಂದ ಕೊಡುವುದು ಅವಳ ಯೋಚನೆ. ಹಾಗೆಯೇ ತಿದ್ದಿದೆವು. ಆಗ ಅದೇ ಫಂಕ್ಷನ್ನಿಗೆ 42ರ ಬದಲು 14 ಕೊಟ್ಟರೆ ಕಳಸಿಗೆಯ ಲೆಕ್ಕವೂ ಬರುತ್ತದೆ ಎಂದು ಕಂಡಿತು. ಭಾಗಿಸು(100, 14) ಎಂದರೆ (7, 2), ಏಳು ಕಳಸಿಗೆ, ಎರಡು ಸೇರು. ನಾನು ಬರೆದದ್ದಕ್ಕಿಂತ ಉತ್ತಮ ಫಂಕ್ಷನ್ ಅದು.

ಆ ದಿನದಿಂದ ಪ್ರತಿ ಅವಧಿಯಲ್ಲೂ ಮೂರು ಕೆಲಸ ಮಾಡಿಸಿದೆ. ಎಂಟರ್ ಒತ್ತುವ ಮೊದಲು ಊಹೆ. ಎಲ್ಲ ಸರಿಯಾಯಿತು ಎನಿಸಿದಾಗ ಶೆಲ್ಲನ್ನು ಖಾಲಿ ಮಾಡಿ ಇನ್ನೊಮ್ಮೆ. ಕೊನೆಗೆ, ಉಪಯೋಗಕ್ಕೆ ಬಂದ ಪ್ರಶ್ನೆ ಮತ್ತು ಉತ್ತರಗಳನ್ನು ಫೈಲಿನಲ್ಲಿ ಉಳಿಸುವುದು. ಶೆಲ್ ಮುಚ್ಚಿದರೆ ಅದರಲ್ಲಿ ಮಾಡಿದ ಪರೀಕ್ಷೆಗಳೆಲ್ಲ ಹೋಗುತ್ತವೆ. ಪೈಥಾನಿನಲ್ಲಿ ಇದಕ್ಕೆಂದೇ 'ಡಾಕ್‌ಟೆಸ್ಟ್' ಎಂಬ ಅನುಕೂಲವಿದೆ. ಶೆಲ್‌ನಲ್ಲಿ ನಡೆದ ಸಂಭಾಷಣೆಯನ್ನು ಮೂರು ಬಾಣಗಳ ಸಮೇತ ಫಂಕ್ಷನ್ನಿನ ವಿವರಣೆಯೊಳಗೆ ಬರೆದಿಟ್ಟರೆ, ಪೈಥಾನ್ ಅದನ್ನು ಮತ್ತೆ ನಡೆಸಿ, ಅದೇ ಉತ್ತರ ಬರುತ್ತದೆಯೇ ಎಂದು ಹೋಲಿಸಿ ಹೇಳುತ್ತದೆ. 41, 42, 43, 0 ನಾಲ್ಕನ್ನೂ ಮಕ್ಕಳು ಹಾಗೆ ಬರೆದಿಟ್ಟರು. ಮುಂದಿನ ವಾರ ಯಾರಾದರೂ ಫಂಕ್ಷನ್ ಬದಲಾಯಿಸಿದರೂ ಹಳೆಯ ಪರೀಕ್ಷೆ ಕಾಯುತ್ತಿರುತ್ತದೆ.

ಕೊನೆಯ ಶನಿವಾರ ಕನ್ನಡ ಪದಗಳನ್ನು ಕೊಟ್ಟು ನೋಡುವ ಎಂದೆ. 'ಲೆನ್' ಎಂಬ ಫಂಕ್ಷನ್ ಒಂದು ಪದದ ಉದ್ದವನ್ನು ಹೇಳುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಕನ್ನಡ ಕೀಲಿಮಣೆ ಇದ್ದುದರಿಂದ ಒಬ್ಬೊಬ್ಬರನ್ನೇ ಕರೆದೆ. ಅವಳ ಸರದಿ ಬಂದಾಗ 'ಬೈಂದೂರು' ಎಂದು ಬರೆದಳು. ಪುಸ್ತಕದಲ್ಲಿ ಊಹೆ 3. ಎಂಟರ್ ಒತ್ತಿದಳು. ಬಂದದ್ದು 7.

ನಾನು ವಿವರಣೆ ಕೊಡಲು ಬಾಯಿ ತೆರೆದಿದ್ದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, "ಒಂದ್ಸಲ ಹೊಸ್ತ್ ತೆಗ್ದ್ ಕಾಂಬ, ಟೀಚರ್" ಎಂದಳು. ನನ್ನ ಲ್ಯಾಪ್‌ಟಾಪಿನಲ್ಲಿ ಹಿಂದಿನವರು ಏನಾದರೂ ಬಿಟ್ಟು ಹೋಗಿರಬಹುದು ಎಂಬ ಸಂಶಯ ಅವಳದು. ಶೆಲ್ ಖಾಲಿ ಮಾಡಿ ಮತ್ತೆ ಬರೆದಳು. ಮತ್ತೂ 7. ಆಗ ಪದವನ್ನು ಬಿಡಿಸಿ ತೋರಿಸಲು ಶೆಲ್ಲಿಗೆ ಹೇಳಿದೆವು. ಬ, ಐತ್ವದ ಗುರುತು, ಸೊನ್ನೆ, ದ, ದೀರ್ಘ ಕೊಂಬು, ರ, ಕೊಂಬು ಎಂದು ಏಳು ತುಂಡುಗಳು ಸಾಲಾಗಿ ಬಂದವು. ಯೂನಿಕೋಡಿನಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಅದಕ್ಕೆ ಹತ್ತುವ ಸ್ವರದ ಗುರುತಿಗೆ ಇನ್ನೊಂದು ಸಂಕೇತ. ನಾವು ಎಣಿಸುವುದು ಅಕ್ಷರವನ್ನು, ಲೆನ್ ಎಣಿಸುವುದು ಸಂಕೇತವನ್ನು. ಅವಳು ಬೆರಳಿನಿಂದ ಏಳನ್ನೂ ಎಣಿಸಿದಳು. ಆಮೇಲೆ ಪುಸ್ತಕದಲ್ಲಿ ತನ್ನ 3ಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ 7 ಎಂದು ಬರೆದು, ಕೆಳಗೆ 'ಕುಂದಾಪುರ' ಎಂದು ಬರೆದು 8 ಎಂಬ ಊಹೆ ಇಟ್ಟಳು.

ಎಂಟರ್ ಒತ್ತಿದಾಗ ಬಂದದ್ದು 8.